ವ್ರಾನ್‌ಗ್ರಾದಿನ ಜವಳ

ವ್ರಾನ್‌ಗ್ರಾದ್ ಕೋಟೆ
ಸಂತ ದಿಮಿತ್ರಿಯ ಹಬ್ಬದ ಮರುದಿನ, ಲೋಕ ಹುಟ್ಟಿದ 6874ನೆಯ ವರ್ಷ

ಮಗಳು ದೊಬ್ರುನಾಗೆ,

ಸನ್ಯಾಸಿ ಸಿಸೋಯ್ ಕೈಯಲ್ಲಿ ಒಂದು ಚೀಲ ಒಣಗಿಸಿದ ಪ್ಲಮ್ ಹಣ್ಣು ಕಳಿಸಿದ್ದೇನೆ. ನಾನು ಕೊಟ್ಟಾಗ ಚೀಲದ ಬಾಯಿ ಕಟ್ಟಲು ಬಾರದಷ್ಟು ತುಂಬಿತ್ತು. ನಿನ್ನ ಕೈ ಸೇರುವಾಗ ಅರ್ಧಕ್ಕಿಳಿದಿದ್ದರೆ, ದಾರಿಯಲ್ಲಿ ಇಲಿ ಕಾಟ ಎನ್ನುತ್ತಾನೆ. ನಂಬಬೇಡ.

ದಂಡಿನ ಕಾಲ ಮುಗಿಯಿತು. ಎಲೆ ಉದುರಿತು, ಕುದುರೆಗಳು ಲಾಯ ಸೇರಿದವು. ಇನ್ನು ವಸಂತದಲ್ಲಿ ಸಂತ ಜೂರ್ಜನ ಹಬ್ಬ ಬರುವವರೆಗೆ ಯಾರೂ ಯಾರ ಮೇಲೂ ಏರಿ ಹೋಗುವುದಿಲ್ಲ. ಕೂತು ಯೋಚಿಸಲು ನನಗೂ ಪುರುಸೊತ್ತು ಸಿಕ್ಕಿದೆ.

ನಿನ್ನ ಹ್ರಾನಿಸ್ಲಾವ್ ಪ್ರಭುವಿನ ಕೈ ಈ ವರ್ಷ ಸೋತಿದೆ. ಅವನ ಎರಡು ಕೋಟೆಗಳನ್ನು ಪಡುವಣದ ಒಬ್ರಾದ್ ಪ್ರಭು ನುಂಗಿ ನೀರು ಕುಡಿದಿದ್ದಾನೆ. ಮೂರನೆಯದು ಯಾವುದು ಎಂದು ಯಾರನ್ನೂ ಕೇಳಬೇಕಿಲ್ಲ, ಒಬ್ರಾದನ ಕಾವಲು ಬೆಂಕಿ ನನ್ನ ಕಿಟಕಿಯಿಂದಲೇ ಕಾಣುತ್ತದೆ. ಚಕ್ರವರ್ತಿ ತೀರಿಕೊಂಡ ಮೇಲೆ ಬೆಟ್ಟಕ್ಕೊಬ್ಬ ಒಡೆಯ ಹುಟ್ಟಿದ. ನಿನ್ನ ಅಪ್ಪ ಬದುಕಿದ್ದ ತನಕ ನಾವು ಒಬ್ರಾದನ ಕಡೆ ಇದ್ದೆವು. ಅಪ್ಪ ಹೋದ ಮೇಲೆ ಒಬ್ರಾದ್ ನಮ್ಮ ಗಿರಣಿಯ ಮೇಲೆ ಕಣ್ಣು ಹಾಕಿದ, ನಾನು ಹ್ರಾನಿಸ್ಲಾವನ ಕಡೆ ಹೋದೆ, ಅವನ ಬಾವುಟ ಹಿಡಿಯುವ ಮಿಲ್ತೆನ್‌ಗೆ ನಿನ್ನನ್ನು ಕೊಟ್ಟೆ. ಈಗ ಗಾಳಿ ಮತ್ತೆ ತಿರುಗಿದೆ. ನಮ್ಮ ಬಾವುಟದಲ್ಲಿರುವ ಕಾಗೆಯನ್ನು ನೋಡಿ, ಮಾಂಸ ಕಂಡ ಕಡೆ ಹಾರುವ ಜನ ಎಂದು ಸಂತೆಯಲ್ಲಿ ನಗುತ್ತಾರಂತೆ. ನಗಲಿ. ಹಾರಲು ಒಲ್ಲದ ಮನೆತನಗಳ ಅಂಗಳದಲ್ಲಿ ಈಗ ತುರಿಕೆ ಗಿಡ ಬೆಳೆದಿದೆ.

ವಿಷಯಕ್ಕೆ ಬರುತ್ತೇನೆ. ಈ ಚಳಿಗಾಲಕ್ಕೆ ನಮ್ಮ ಗೊಯ್ಕೊಗೆ ಮೂರು ತುಂಬುತ್ತದೆ, ಜವಳ ಮಾಡಿಸಬೇಕು. ಅವನಿಗೆ ಹೆಸರಿಟ್ಟ ದಿನ ಹ್ರಾನಿಸ್ಲಾವ್ ನೀರಿನ ಮೇಲೆ ಎತ್ತಿ ಹಿಡಿದು ಕುಮ್ ಆದ, ಧರ್ಮದ ತಂದೆಯಾದ. ಕೂದಲಿಗೆ ಇನ್ನೊಬ್ಬ ಕುಮ್ ಬೇಕಲ್ಲವೇ? ಆ ಕತ್ತರಿಯನ್ನು ಒಬ್ರಾದ್ ಹಿಡಿಯಲಿ ಎಂದು ನಾನು ಮಾತು ಕೊಟ್ಟಿದ್ದೇನೆ. ಈ ನಾಡಿನಲ್ಲಿ ಅಣ್ಣನನ್ನು ಇರಿದ ತಮ್ಮಂದಿರಿದ್ದಾರೆ, ಮಗನ ಕಣ್ಣು ಕೀಳಿಸಿದ ಅಪ್ಪಂದಿರಿದ್ದಾರೆ. ಕುಮ್ ಆದ ಮನೆಯ ಮೇಲೆ ಕತ್ತಿ ಎತ್ತಿದವನನ್ನು ಮಾತ್ರ ನಾನು ಕಂಡಿಲ್ಲ.

ತೀರ್ಥಯಾತ್ರೆಯ ನೆಪ ಹೇಳಿ ಮಗುವನ್ನು ಕರೆದುಕೊಂಡು ಬಾ. ಒಬ್ರಾದನ ಅರಮನೆಯಲ್ಲಿ ನಿಮ್ಮಿಬ್ಬರಿಗೂ ಕೋಣೆ ಸಿದ್ಧವಾಗಿದೆ. ಮಿಲ್ತೆನ್ ಹತ್ತಿರ ಹಿಂದಿರುಗುವ ಅಗತ್ಯವಿಲ್ಲ. ಮದುವೆ ಬಿಡಿಸುವುದು ಬಿಷಪರಿಗೆ ದೊಡ್ಡ ಮಾತಲ್ಲ.

ವ್ರಾನ್‌ಗ್ರಾದಿನ ಒಡತಿ,
ಗ್ರುಬಾಚಾ

*

ಬೆಲಾಸ್ಟೆನಾ, ಹ್ರಾನಿಸ್ಲಾವ್ ಪ್ರಭುಗಳ ಕೋಟೆ
ದೇವದೂತ ಮಿಖಾಯಿಲನ ಹಬ್ಬ, 6874

ವ್ರಾನ್‌ಗ್ರಾದಿನ ಒಡತಿ ಗ್ರುಬಾಚಾ ಅವರಿಗೆ,

ಪ್ಲಮ್ ಹಣ್ಣು ತಲುಪಿತು. ಅರ್ಧ ಚೀಲ. ಸಿಸೋಯ್ ತಪ್ಪನ್ನು ಇಲಿಯ ಮೇಲೆ ಹಾಕಲಿಲ್ಲ, ಕೋಡಂಗಿಯಂತೆ ನಕ್ಕರು.

ನೀವು ಬಹಳ ಯೋಚಿಸಿ ಬರೆದಿದ್ದೀರಿ. ಒಬ್ರಾದ್, ಹ್ರಾನಿಸ್ಲಾವ್, ಗಿರಣಿ, ಗಾಳಿ, ಎಲ್ಲವೂ ಬಂದಿವೆ. ನಾನು ಹೇಗಿದ್ದೇನೆ ಎಂಬ ಒಂದು ಮಾತು ಬಂದಿಲ್ಲ. ನಾನೇ ಹೇಳುತ್ತೇನೆ.

ನನಗೆ ಹದಿನಾರು ತುಂಬಿದ ವರ್ಷ ನೀವು ನನ್ನನ್ನು ಇಲ್ಲಿಗೆ ಕಳಿಸಿದಿರಿ. ಮದುವೆಯೂಟದಲ್ಲಿ ಒಬ್ಬ ಕುಡುಕ ಎದ್ದು, "ಕಾಗೆ ತಂದ್ಕೊಂಡಿದ್ದೀಯಲ್ಲೋ ಮಿಲ್ತೆನಾ, ರೆಕ್ಕೆ ಕತ್ತರಿಸ್ಬಿಡು, ಇಲ್ಲಾಂದ್ರೆ ಹಾರಿ ಹೋಗುತ್ತೆ" ಎಂದ. ಸೂರು ಕಿತ್ತುಹೋಗುವಂತೆ ಎಲ್ಲರೂ ನಕ್ಕರು. ಮರುದಿನ ನನ್ನ ಗಂಡ ಎಲ್ಲಿಂದಲೋ ಒಂದು ಕಾಗೆಗರಿ ತಂದು ತಮ್ಮ ಟೋಪಿಗೆ ಸಿಕ್ಕಿಸಿಕೊಂಡರು. ಇವತ್ತಿಗೂ ತೆಗೆದಿಲ್ಲ. ಯುದ್ಧಕ್ಕೂ ಅದನ್ನೇ ಹಾಕಿಕೊಂಡು ಹೋಗುತ್ತಾರೆ.

ಅವರ ಜೊತೆ ಮಾತಾಡಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು. ಅವರು ಕಾದರು. ನೀವು ಹುಡುಕಿಕೊಟ್ಟ ಗಂಡ ನನಗೆ ಹಿಡಿಸಿದ್ದಾರೆ, ಒಡತಿಯವರೇ. ಇದು ನಿಮ್ಮ ಲೆಕ್ಕಾಚಾರದಲ್ಲಿ ಇರಲಿಲ್ಲ ಎಂದು ಕಾಣುತ್ತದೆ. ಹೋದ ಸಲ ನೀವು ಪಕ್ಷ ಬದಲಿಸಿದಾಗ ನನ್ನನ್ನು ಕೊಟ್ಟಿರಿ. ಈ ಸಲ ನನ್ನ ಮಗನ ಕೂದಲು ಕೊಡುತ್ತೀರಿ. ನಿಮ್ಮ ಕೈಯಲ್ಲಿ ಇಲ್ಲದ ಮಗುವಿನ ಮಾತು ಕೊಟ್ಟವರು ನೀವು, ನೀವೇ ಹಿಂದಕ್ಕೆ ತೆಗೆದುಕೊಳ್ಳಿ.

ಮಿಲ್ತೆನ್‌ರ ಹೆಂಡತಿ,
ದೊಬ್ರುನಾ

*

ವ್ರಾನ್‌ಗ್ರಾದ್
ಚಳಿಗಾಲದ ಸಂತ ನಿಕೊಲಾ ಹಬ್ಬ ಕಳೆದು ಮೂರನೆಯ ದಿನ

ದೊಬ್ರುನಾ,

ನನಗೆ 'ನೀವು' ಎಂದಿದ್ದೀಯ. ಚೆನ್ನಾಗಿದೆ. ನಿನ್ನ ಮೂಗು ಒರೆಸಿದ ಕೈಗೆ ಇಷ್ಟಾದರೂ ಮರ್ಯಾದೆ ಸಿಕ್ಕಿತಲ್ಲ.

ನಮ್ಮ ಮನೆಸಂತ ನಿಕೊಲಾನ ಹಬ್ಬಕ್ಕೆ ಈ ಸಲ ಯಾರೂ ಬರಲಿಲ್ಲ. ಒಬ್ರಾದನ ಕಡೆಯವರು ಹ್ರಾನಿಸ್ಲಾವನಿಗೆ ಹೆದರಿದರು, ಅವನ ಕಡೆಯವರು ಇವನಿಗೆ ಹೆದರಿದರು. ಬಾಗಿಲು ಕಾಯುವ ಬ್ರಾಯ್ಕೊ, ನಾನು ಇಬ್ಬರೇ ಕೂತು ಹಬ್ಬದ ರೊಟ್ಟಿ ಮುರಿದೆವು. ಮುದುಕನಿಗೆ ಹಲ್ಲಿಲ್ಲ, ನನಗೆ ಹಸಿವಿರಲಿಲ್ಲ.

ಜವಳ ಸಂತ ಸಾವಾನ ಹಬ್ಬದ ಮರುದಿನ. ಒಬ್ರಾದ್ ಕಡಲ ತೀರದ ಅಕ್ಕಸಾಲಿಯಿಂದ ಬೆಳ್ಳಿಯ ಕತ್ತರಿ ಮಾಡಿಸಿದ್ದಾನೆ. ನಾಡಿನ ಅರ್ಧ ಪ್ರಭುಗಳನ್ನು ಕರೆದಿದ್ದಾನೆ. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಕಾಲ ಮುಗಿದಿದೆ. ಬಾ.

ಗ್ರುಬಾಚಾ

*

ಬೆಲಾಸ್ಟೆನಾ
ಕ್ರಿಸ್ತಜಯಂತಿಯ ಮುನ್ನಾದಿನ

ಒಡತಿಯವರೇ,

ಬರುವುದಿಲ್ಲ.

ಗೊಯ್ಕೊನ ಕೂದಲು ಭುಜಕ್ಕೆ ಬಂದಿದೆ. ಬಾಚಿದರೆ ಅಳುತ್ತಾನೆ, ಬಾಚದಿದ್ದರೆ ಜೇನು ಅಂಟಿಸಿಕೊಂಡು ಬರುತ್ತಾನೆ. ಇನ್ನೂ ಉದ್ದ ಬೆಳೆಯಲಿ.

ದೊಬ್ರುನಾ

*

ವ್ರಾನ್‌ಗ್ರಾದ್
ಸಂತ ಜೂರ್ಜನ ಹಬ್ಬ ಕಳೆದು ಒಂದು ವಾರ, 6874

ಮಗಳೇ,

ಸನ್ಯಾಸಿಗಳನ್ನು ದಂಡಿನವರು ತಡೆಯುವುದಿಲ್ಲ. ಹಾಗಾಗಿ ಸಿಸೋಯ್ ಈ ಕಾಗದ ತರುತ್ತಾನೆ. ಹೌದು, ದಂಡು. ಒಬ್ರಾದ್ ನನ್ನ ಗೋಡೆಯ ಕೆಳಗೆ ಡೇರೆ ಹಾಕಿದ್ದಾನೆ.

ಚಳಿಗಾಲದಲ್ಲಿ ಏನಾಯಿತು ಎಂದು ನಿನ್ನ ಕಿವಿಗೂ ಬಿದ್ದಿರಬೇಕು. ಅವನು ಹಬ್ಬದ ಬಟ್ಟೆ ತೊಟ್ಟು, ಬೆಳ್ಳಿ ಕತ್ತರಿ ಹಿಡಿದು, ನೆಂಟರಿಷ್ಟರ ನಡುವೆ ಮಧ್ಯಾಹ್ನದ ತನಕ ಕಾದ. ಮಗು ಬರಲಿಲ್ಲ. ಕೊನೆಗೆ ಯಾವನೋ ತಲೆಹರಟೆ, "ಪ್ರಭುಗಳೇ, ನನ್ನ ನಾಯಿಗೂ ಕೂದಲು ಬೆಳ್ದಿದೆ" ಎಂದನಂತೆ. ಒಬ್ರಾದ್ ಕತ್ತರಿಯನ್ನು ನದಿಗೆ ಬೀಸಿ ಎಸೆದು, "ಆ ಕಾಗೆಗೂಡನ್ನೇ ಕಿತ್ತು ಹಾಕ್ತೀನಿ" ಎಂದು ಆಣೆ ಮಾಡಿದ. ಆಣೆಯನ್ನು ನಡೆಸಲು ಬಂದಿದ್ದಾನೆ.

ನಿನ್ನ ಹ್ರಾನಿಸ್ಲಾವನಿಗೆ ಆಳು ಕಳಿಸಿದೆ. "ಹಾರಿ ಹೋಗೋಕೆ ಹೊರಟಿದ್ದ ಕಾಗೆ ತಾನೇ? ಹಾರಲಿ" ಎಂದನಂತೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಗಿರಣಿ ಸುಟ್ಟುಹೋಯಿತು. ಹುಲ್ಲಿನ ಬಣವೆಗಳೂ ಹೋದವು. ಬಾವಿಯಲ್ಲಿ ನೀರಿದೆ. ನಿನ್ನೆ ಅವರ ಕೂಗುಮಾರಿಯೊಬ್ಬ ಗೋಡೆಯ ಹತ್ತಿರ ಬಂದು, "ಏ ಮುದುಕಿ, ಇಳಿದು ಬಾ, ನಮ್ ಪ್ರಭು ನಿನಗೆ ಕೋಳಿ ಕಾಯೋ ಕೆಲಸ ಕೊಡ್ತಾರಂತೆ" ಎಂದು ಕಿರುಚಿದ. "ಕೋಳಿ ಕಾಯೋಕೆ ನಿಮ್ ಪ್ರಭುನೇ ಸಾಕಲ್ಲೋ, ಅವನಿಗೆ ಅಭ್ಯಾಸ ಆಗಿದೆ, ಚಳಿಗಾಲ ಪೂರ್ತಿ ಕಾದಿದ್ದಾನಲ್ಲ" ಎಂದೆ. ಅವನ ಕಡೆಯ ಬಿಲ್ಲುಗಾರರೇ ನಕ್ಕರು. ಮುತ್ತಿಗೆಯಲ್ಲೂ ಬಾಯಿಗೆ ಬೀಗ ಬಿದ್ದಿಲ್ಲ ನೋಡು.

ಈಗ ಅವರು ಕವಣೆಯಂತ್ರ ಕಟ್ಟುತ್ತಿದ್ದಾರೆ. ಎರಡು ದಪ್ಪ ಕಂಬ, ನಡುವೆ ಅಡ್ಡ ಮರ, ತುದಿಯಿಂದ ಜೋತುಬಿದ್ದ ಹಗ್ಗಗಳು. ಬಡಗಿಗಳು ಒಳ್ಳೆಯವರು, ಕೆಲಸ ಬೇಗ ಸಾಗುತ್ತಿದೆ. ಬ್ರಾಯ್ಕೊ ದಿನವೂ ನೋಡಿ ಬಂದು ಬಾಗಿಲಿನ ಹಿಂದೆ ಇನ್ನೊಂದು ದಿಮ್ಮಿ ಒರಗಿಸುತ್ತಾನೆ.

ಸಂತ ನಿಕೊಲಾನ ಪಟವನ್ನು ಸಿಸೋಯ್ ಕೈಯಲ್ಲಿ ಕಳಿಸಿದ್ದೇನೆ. ಇಲ್ಲಿ ಹೊಗೆ ಜಾಸ್ತಿ, ಬಣ್ಣ ಕಪ್ಪಾಗುತ್ತದೆ. ನಿನ್ನ ಮನೆಯ ಪೂರ್ವದ ಗೋಡೆಗೆ ಹಾಕು. ಹಬ್ಬದ ದಿನ ದೀಪ ಹಚ್ಚುವುದನ್ನು ಗೊಯ್ಕೊಗೆ ಕಲಿಸು.

ನೀನು ಇತ್ತ ತಲೆ ಹಾಕಬೇಡ. ಇದು ಅಪ್ಪಣೆ.

ಗ್ರುಬಾಚಾ

*

ವ್ರಾನ್‌ಗ್ರಾದಿನ ಗೋಡೆಯ ಬುಡದಿಂದ
ಬೇಸಿಗೆಯ ಸಂತ ನಿಕೊಲಾ ಹಬ್ಬ, ಸಂಜೆ

ಅಮ್ಮಾ,

ಇದನ್ನು ಓದುವ ಮುಂಚೆ ಗೋಪುರದಿಂದ ಬಗ್ಗಿ ನೋಡು. ದಂಡಿನ ನಡುವೆ ಹಳದಿ ಡೇರೆಯ ಮುಂದೆ ಕೂತು ಬರೆಯುತ್ತಿರುವವಳು ನಾನೇ. ನಾಳೆ ಬೆಳಗ್ಗೆ ಬಾಗಿಲು ತೆಗೆಸು. ಅಷ್ಟರೊಳಗೆ ಇಲ್ಲಿ ಏನು ನಡೆಯಿತು ಎಂಬುದು ನಿನಗೆ ಗೊತ್ತಿರಬೇಕು.

ಪಟ ಬಂದ ದಿನ ನಾನು ಅದನ್ನು ಗೋಡೆಗೆ ಹಾಕಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಕೂತೆ. ಮನೆಸಂತನನ್ನು ಬದುಕುವ ಆಸೆ ಇರುವವರು ಯಾರಾದರೂ ಹೊರಗೆ ಕಳಿಸುತ್ತಾರಾ? ಹೊಗೆಯಂತೆ, ಬಣ್ಣವಂತೆ! ಸುಳ್ಳು ಹೇಳಲು ನಿನಗೆ ಬರುತ್ತದೆ, ನನ್ನ ಹತ್ತಿರ ಹೇಳಲು ಬರುವುದಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ನೀನೇ ಬರೆದಿದ್ದ ಮಾತು ನೆನಪಾಯಿತು. ಕುಮ್ ಆದವನು ಆ ಮನೆಯ ಮೇಲೆ ಕತ್ತಿ ಎತ್ತುವಂತಿಲ್ಲ. ಗೊಯ್ಕೊನ ತಲೆಗೆ ಇನ್ನೂ ಕತ್ತರಿ ತಾಗಿರಲಿಲ್ಲ.

ಮಿಲ್ತೆನ್‌ಗೆ ಹೇಳಿದೆ. ಒಡೆಯರ ಬಾವುಟ ಹಿಡಿಯುವವರು ಒಡೆಯರ ಶತ್ರುವಿನ ಹತ್ತಿರ ಹೆಂಡತಿಯನ್ನು ಹೇಗೆ ಕಳಿಸುತ್ತಾರೆ? ಅವರು ಎದ್ದು ಹೋದರು. ಬೆಳಗ್ಗೆ ನೋಡಿದರೆ ಬಾಗಿಲಲ್ಲಿ ಹೇಸರಗತ್ತೆಗೆ ಜೀನು ಹಾಕಿತ್ತು. ಜೀನಿನ ಚೀಲದಲ್ಲಿ ರೊಟ್ಟಿ, ಚೀಸು, ಒಂದು ಕತ್ತರಿ. ಆತುರದಲ್ಲಿ ಅವರ ಕೈಗೆ ಸಿಕ್ಕಿದ್ದು ಕುರಿಯ ಉಣ್ಣೆ ತೆಗೆಯುವ ಕತ್ತರಿ.

ಒಬ್ರಾದ್ ಒಂದು ಪೀಪಾಯಿಯ ಮೇಲೆ ಕೂತು ಕುರಿಮಾಂಸ ತಿನ್ನುತ್ತಿದ್ದರು. ನಾನು ಗೊಯ್ಕೊನನ್ನು ಹೆಗಲ ಮೇಲೆ ಕೂರಿಸಿಕೊಂಡು ನೆಟ್ಟಗೆ ಹೋದೆ.

"ಯಾರಮ್ಮ ನೀನು? ಮಗು ಎತ್ಕೊಂಡು ದಂಡಿನೊಳಗೆ ಬಂದಿದ್ದೀಯ, ದಾರಿ ತಪ್ತಾ?"

"ಇಲ್ಲ ಪ್ರಭು. ವ್ರಾನ್‌ಗ್ರಾದಿನ ಮಗಳು ನಾನು. ಈ ಕೂದಲು ಬರ್ಲಿಲ್ಲ ಅಂತ ತಾನೇ ನೀವು ಇಷ್ಟು ದೂರ ಬಂದಿರೋದು? ತಂದಿದ್ದೀನಿ."

ಅವರ ಮುಖ ಕೆಂಪಾಯಿತು. "ಅದು ಚಳಿಗಾಲದ ಮಾತು. ಈಗ ನನಗೆ ಕೂದಲು ಬೇಡ, ಆ ಗೋಪುರ ಬೇಕು. ಹೋಗಮ್ಮ, ಮಗು ಕರ್ಕೊಂಡು ಹೋಗು, ಕಲ್ಲು ಬೀಳೋ ಜಾಗ ಇದು."

ನಾನು ಗೊಯ್ಕೊನನ್ನು ಇಳಿಸಿದೆ. ಅವನ ಕೈ ಹಿಡಿದು ಮೊಣಕಾಲೂರಿದೆ. ಸುತ್ತಲಿನ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ: "ದೇವರ ಮೇಲೆ, ಸಂತ ಯೊವಾನನ ಮೇಲೆ ಕೇಳ್ತಿದ್ದೀನಿ. ನನ್ನ ಮಗನಿಗೆ ಕುಮ್ ಆಗಿ."

ಅಮ್ಮಾ, ದಂಡಿಗೆ ದಂಡೇ ನಮ್ಮ ಕಡೆ ತಿರುಗಿತು. ಬಡಗಿಗಳ ಸುತ್ತಿಗೆ ನಿಂತಿತು. ಆ ಎರಡು ಹೆಸರು ಹಿಡಿದು ಕೇಳಿದ ಮೇಲೆ ಇಲ್ಲ ಎನ್ನುವಂತಿಲ್ಲ ಎಂದು ಅಲ್ಲಿನ ಕುದುರೆಯಾಳಿಗೂ ಗೊತ್ತು. ಇಲ್ಲ ಎಂದವನ ಜೊತೆ ನಾಳೆಯಿಂದ ಯಾರೂ ಒಂದು ಬಟ್ಟಲಲ್ಲಿ ಉಣ್ಣುವುದಿಲ್ಲ. ಒಬ್ಬೊಬ್ಬರೇ ಟೋಪಿ ತೆಗೆದರು.

"ನಿಮ್ಮಮ್ಮ ಹೇಳಿಕೊಟ್ಟಿದ್ದಾ ಇದನ್ನ?"

"ನಮ್ಮಮ್ಮ ಇತ್ತ ತಲೆ ಹಾಕ್ಬೇಡ ಅಂತ ಅಪ್ಪಣೆ ಮಾಡಿದ್ದಾಳೆ."

"ಅವಳ ಮಾತು ನೀನೂ ಕೇಳಲ್ವಾ?" ಎಂದು ಅವರು ಮೊದಲ ಸಲ ನನ್ನ ಮುಖ ನೋಡಿದರು. "ಸರಿ. ಆದ್ರೆ ನೀವಿಬ್ರೂ ನನ್ನ ಅರಮನೆಯಲ್ಲೇ ಇರ್ಬೇಕು."

"ಕುಮ್ ಆದೋರು ಕೊಡ್ತಾರೆ ಪ್ರಭು, ಕೇಳಲ್ಲ."

"ನನ್ನ ಹತ್ರ ಕತ್ತರಿ ಇಲ್ಲಮ್ಮ! ನದಿಗೆ ಎಸೆದೆ!"

ನಾನು ಚೀಲದಿಂದ ಕುರಿಗತ್ತರಿ ತೆಗೆದು ಎರಡೂ ಕೈಯಲ್ಲಿ ಚಾಚಿದೆ. ಹಿಂದಿನಿಂದ ಒಬ್ಬ ಮುದಿ ಬಿಲ್ಲುಗಾರ ಕಿಸಕ್ಕನೆ ನಕ್ಕ. ಅವನ ಪಕ್ಕದವನು ನಕ್ಕ. ಆಮೇಲೆ ಇಡೀ ದಂಡು ಹೊಟ್ಟೆ ಹಿಡಿದುಕೊಂಡಿತು. ಒಬ್ರಾದ್ ತುಟಿ ಕಚ್ಚಿಕೊಂಡೇ ಇದ್ದರು, ಆದರೆ ಗೊಯ್ಕೊ ಆ ಕತ್ತರಿ ನೋಡಿ, "ತಾತ, ನಾನು ಕುರಿ ಅಲ್ಲ" ಎಂದಾಗ ಅವರಿಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕ ಮೇಲೆ ಎದ್ದು ನಿಂತು, ಕೈ ತೊಳೆದು, ಟೋಪಿ ತೆಗೆದು, ಹಣೆ, ಹಿಂದಲೆ, ಎರಡು ಕಿವಿಯ ಪಕ್ಕ ಒಂದೊಂದು ಎಳೆ ಕತ್ತರಿಸಿದರು.

ಇನ್ನು ಉಡುಗೊರೆ. "ಕೇಳಪ್ಪ ಗೊಯ್ಕೊ, ನಿನ್ನ ಕುಮ್ ಏನು ಕೊಡ್ಲಿ? ಕುದುರೆ ಬೇಕಾ, ಬೆಳ್ಳಿ ಬಟ್ಟಲು ಬೇಕಾ?"

ನಿನ್ನ ಮೊಮ್ಮಗ ಸುತ್ತ ನೋಡಿದ. ಕವಣೆಯಂತ್ರದ ಕಡೆ ಬೆರಳು ತೋರಿಸಿ, "ಆ ದೊಡ್ಡ ಜೋಕಾಲಿ" ಎಂದ.

ನಾನು ಹೇಳಿಕೊಟ್ಟಿರಲಿಲ್ಲ, ದೇವರಾಣೆ. ಒಬ್ರಾದ್ ಆ ಯಂತ್ರವನ್ನು ನೋಡಿದರು, ಮಗುವನ್ನು ನೋಡಿದರು, ಗೋಪುರದ ಮೇಲಿದ್ದ ನಿನ್ನನ್ನು ನೋಡಿದರು. "ತಗೋ, ನಿಂದೇ" ಎಂದರು.

ಬಾಗಿಲು ಅಗಲ ಇದೆಯೋ ಇಲ್ಲವೋ ಬ್ರಾಯ್ಕೊನನ್ನು ಕೇಳು. ಬಿಚ್ಚಿ ತರಬೇಕಾಗಬಹುದು.

ನಿನ್ನ
ದೊಬ್ರುನಾ

*

ಗೋಪುರದ ಮೇಲಿನಿಂದ
ಅದೇ ಸಂಜೆ

ದೊಬ್ರುನಾ,

ಇಲ್ಲಿಂದ ಮಾತು ಕೇಳಿಸುವುದಿಲ್ಲ, ಆಟ ಮಾತ್ರ ಕಾಣುತ್ತದೆ. ನೀನು ಮೊಣಕಾಲೂರಿದ್ದು ಕಂಡಿತು. ಆ ದೈತ್ಯ ಮಗುವಿನ ತಲೆಯ ಹತ್ತಿರ ಹೊಳೆಯುವ ಅಲಗು ತಂದದ್ದು ಕಂಡಿತು. ನಾನು ಕಾವಲುಗಾರನ ಬಿಲ್ಲು ಕಿತ್ತುಕೊಂಡು ಹೆದೆ ಎಳೆದಿದ್ದೆ. ಬ್ರಾಯ್ಕೊ ನನ್ನ ಕೈಗೆ ಜೋತುಬಿದ್ದು, "ಅಮ್ಮಾವ್ರೇ, ಬಿಡ್ಬೇಡಿ, ಬಿಡ್ಬೇಡಿ! ಅದು ಕುರಿಗತ್ತರಿ!" ಎಂದು ಕೂಗಿಕೊಂಡ. ಆ ಹಲ್ಲಿಲ್ಲದವನ ಕಣ್ಣು ಹದ್ದಿನ ಕಣ್ಣು. ಅವನಿಗೆ ಹೊಸ ಕಂಬಳಿ ಕೊಡಬೇಕು.

ಅಪ್ಪಣೆ ಮೀರಿದ್ದಕ್ಕೆ ಬೈಯಲು ನಾಳೆ ಸಮಯವಿದೆ.

ಬೆಳಗಿನವರೆಗೆ ಯಾಕೆ ಕಾಯಬೇಕು? ಬಾಗಿಲು ತೆರೆದಿದ್ದೇನೆ. ರೊಟ್ಟಿ, ಉಪ್ಪು ಹಿಡಿದು ನಾನೇ ಇಳಿದು ಬರುತ್ತಿದ್ದೇನೆ. ಕುಮ್‌ನನ್ನೂ ಊಟಕ್ಕೆ ಕರೆ. ಕೋಳಿ ಬೇಯಿಸಿದ್ದೇನೆ ಎಂದು ಹೇಳು.

ಗ್ರುಬಾಚಾ

*

ಬೆಲಾಸ್ಟೆನಾ
ಕನ್ಯಾಮಾತೆಯ ಹುಟ್ಟುಹಬ್ಬ, ಹೊಸ ವರ್ಷ 6875ರ ಎಂಟನೆಯ ದಿನ

ಅಮ್ಮಾ,

ನಾನು ಹಿಂದಿರುಗಿದಾಗ ಹ್ರಾನಿಸ್ಲಾವ್ ಪ್ರಭುಗಳು ಊರಲ್ಲಿರಲಿಲ್ಲ. ಬೇಸಿಗೆಯೆಲ್ಲ ಅವರು ಮೂಡಣದ ಗಡಿಯಲ್ಲಿದ್ದರು, ನಾನು ಇಲ್ಲಿ ಮುಳ್ಳಿನ ಮೇಲೆ ಕೂತಿದ್ದೆ. ನಿನ್ನೆ ಬಂದರು, ಬಂದವರೇ ತುಂಬಿದ ಸಭೆಗೆ ಕರೆಸಿದರು.

"ನನ್ನ ಬಾವುಟದವನ ಹೆಂಡತಿ ನನ್ನ ಶತ್ರುವಿನ ಮುಂದೆ ಮೊಣಕಾಲೂರಿದಳಂತೆ."

"ಹೌದು ಪ್ರಭು. ನೀವು ಇವನಿಗೆ ಹೆಸರು ಕೊಟ್ರಿ, ಅವರು ಕೂದಲು ತೆಗೆದ್ರು. ಈಗ ಇಬ್ರೂ ನಮ್ಮ ಮನೆಯ ಕುಮ್‌ಗಳು. ವ್ರಾನ್‌ಗ್ರಾದ್ ಇನ್ನು ಯಾರ ಪಕ್ಷಕ್ಕೂ ಹಾರಲ್ಲ. ಅವರ ದಂಡು ನಮ್ಮ ಕಣಿವೆಯಿಂದ ನಿಮ್ಮ ಮೇಲೆ ಬರಲ್ಲ, ನಿಮ್ಮ ದಂಡು ಅವರ ಮೇಲೆ ಹೋಗಲ್ಲ. ಬೇಡ ಅಂದ್ರೆ ನೀವು ಕೊಟ್ಟ ಹೆಸರು ವಾಪಸ್ ತಗೊಳ್ಳಿ."

ಹೆಸರನ್ನು ಯಾರು ವಾಪಸ್ ತೆಗೆದುಕೊಳ್ಳುತ್ತಾರೆ? ಅವರು ಗಡ್ಡ ನೀವಿಕೊಂಡರು. ಆಮೇಲೆ, "ಹಂಗಾದ್ರೆ ಕಡಲ ಕಡೆಯ ಉಪ್ಪು ಆ ದಾರಿಯಲ್ಲಿ ಕಾವಲಿಲ್ಲದೆ ಬರಬಹುದು?" ಎಂದರು. ನನಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಇಷ್ಟು ವರ್ಷ ಇಬ್ಬರು ಒಡೆಯರೂ ಕಿತ್ತಾಡಿದ್ದು ಆ ದಾರಿಗೇ ತಾನೇ!

ಇನ್ನೊಂದು ಸುದ್ದಿ. ಮದುವೆಯೂಟದಲ್ಲಿ ರೆಕ್ಕೆ ಕತ್ತರಿಸು ಎಂದಿದ್ದ ಆ ಕುಡುಕ ಇವತ್ತು ಟೋಪಿಗೆ ಕಾಗೆಗರಿ ಸಿಕ್ಕಿಸಿಕೊಂಡು ಬಂದಿದ್ದಾನೆ. ಬಾವುಟ ಹಿಡಿಯುವ ತಂಡದವರೆಲ್ಲ ಸಿಕ್ಕಿಸಿಕೊಂಡಿದ್ದಾರೆ. ಮಿಲ್ತೆನ್ ಮಾತ್ರ ತಮ್ಮ ಹಳೆಯ ಗರಿಯನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡರು.

ನಿನ್ನ
ದೊಬ್ರುನಾ

*

ವ್ರಾನ್‌ಗ್ರಾದ್
ಮನೆಸಂತನ ಹಬ್ಬಕ್ಕೆ ಹತ್ತು ದಿನ ಮುಂಚೆ, 6875

ಮಗಳೇ,

ಇಬ್ಬರೂ ಬರುತ್ತಾರಂತೆ! ಒಬ್ರಾದ್ ಹೇಳಿ ಕಳಿಸಿದ್ದಾನೆ, ಹ್ರಾನಿಸ್ಲಾವನೂ ಹೇಳಿ ಕಳಿಸಿದ್ದಾನೆ. ಕುಮ್ ಆದವನನ್ನು ಸಂತ ನಿಕೊಲಾ ಹಬ್ಬಕ್ಕೆ ಕರೆಯದೆ ಇರುವಂತಿಲ್ಲ, ಕರೆದರೆ ಅವನು ಬರದೆ ಇರುವಂತಿಲ್ಲ. ಹೋದ ವರ್ಷ ಎರಡು ಬಟ್ಟಲು ಇಟ್ಟ ಮೇಜಿಗೆ ಈ ವರ್ಷ ಪಕ್ಕದ ಹಳ್ಳಿಗಳಿಂದ ಬೆಂಚು ತರಿಸುತ್ತಿದ್ದೇನೆ. ಉಪವಾಸದ ದಿನಗಳು, ಮಾಂಸ ಸಲ್ಲದು, ಮೀನೇ ಆಗಬೇಕು. ಹೊಳೆಯಲ್ಲಿ ಒಂದು ಮೀನೂ ಉಳಿಯುವಂತೆ ಕಾಣುವುದಿಲ್ಲ. ಗಿರಣಿಯ ಹೊಸ ಚಕ್ರ ಮೊನ್ನೆ ತಿರುಗಿತು, ಹಬ್ಬದ ರೊಟ್ಟಿಗೆ ನಮ್ಮದೇ ಹಿಟ್ಟು.

ಯಾರನ್ನು ಎಲ್ಲಿ ಕೂರಿಸುವುದು ಎಂದು ತಲೆ ಕೆಟ್ಟಿತ್ತು. ಒಬ್ರಾದನನ್ನು ಮೇಜಿನ ಮೇಲುತುದಿಯಲ್ಲಿ ಕೂರಿಸಿದರೆ ಹ್ರಾನಿಸ್ಲಾವ್ ಎದ್ದು ಹೋಗುತ್ತಾನೆ, ಇವನನ್ನು ಕೂರಿಸಿದರೆ ಅವನು. ಬ್ರಾಯ್ಕೊ, "ಗೊಯ್ಕೊನ್ನ ಮೇಲೆ ಕೂರಿಸಿ ಅಮ್ಮಾವ್ರೇ, ಆ ಕಡೆ ಒಬ್ರು, ಈ ಕಡೆ ಒಬ್ರು" ಎಂದ. ಹಾಗೇ ಮಾಡುತ್ತೇನೆ. ಮಂಡಿಯೆತ್ತರದ ಒಡೆಯನಿಗೆ ಇಬ್ಬರು ಪ್ರಭುಗಳು ಮೀನಿನ ಮುಳ್ಳು ಬಿಡಿಸಿ ಕೊಡಲಿ.

ನಾನು ಬದುಕಿಡೀ ಒಡೆಯರನ್ನು ಬದಲಿಸುತ್ತ ಬಂದೆ. ನೀನು ಒಡೆಯರನ್ನೇ ನೆಂಟರನ್ನಾಗಿ ಮಾಡಿ ಕೂರಿಸಿದೆ. ಹಬ್ಬದ ರೊಟ್ಟಿಯನ್ನು ಈ ಸಲ ನೀನು ಮುರಿಯಬೇಕು, ಒಡತಿಯ ಕುರ್ಚಿಯಲ್ಲಿ ಕೂತು. ಬೀಗದ ಕೈಗಳನ್ನು ಒರೆಸಿ ಇಟ್ಟಿದ್ದೇನೆ. ಪಟವನ್ನು ಮರೆಯದೆ ತಾ, ಅದರ ಮೊಳೆ ಗೋಡೆಯಲ್ಲಿ ಹಾಗೇ ಇದೆ. ಆ ಕಾಗೆಗರಿಯ ಅಳಿಯನನ್ನೂ ಕರೆತಾ, ನಾನು ಇನ್ನೂ ಅವನನ್ನು ಕಣ್ಣು ತುಂಬ ನೋಡಿಲ್ಲ.

ಜೋಕಾಲಿಯನ್ನು ಅಂಗಳದಲ್ಲಿ ನಿಲ್ಲಿಸಿದ್ದೇವೆ. ಕವಣೆಯ ತೊಟ್ಟಿಲು ತೆಗೆದು ಹಲಗೆ ಕಟ್ಟಿಸಿದೆ. ಹಳ್ಳಿಯ ಮಕ್ಕಳೆಲ್ಲ ಇಲ್ಲೇ ಬಿದ್ದಿರುತ್ತಾರೆ. ಗಟ್ಟಿಯಿದೆಯೋ ಇಲ್ಲವೋ ನೋಡಬೇಕಲ್ಲ ಎಂದು ಮೊನ್ನೆ ಯಾರೂ ಇಲ್ಲದಾಗ ನಾನೂ ಕೂತು ನೋಡಿದೆ. ಗೋಡೆಯಾಚೆಗೆ ಕಣಿವೆ ಕಂಡಿತು, ಉಪ್ಪಿನ ಹೇಸರಗತ್ತೆಗಳ ಸಾಲು ಕಂಡಿತು, ಎಲ್ಲೂ ಕಾವಲು ಬೆಂಕಿ ಕಾಣಲಿಲ್ಲ. ಬ್ರಾಯ್ಕೊ ನೋಡಿಬಿಟ್ಟ. ಅವನು ಏನಾದರೂ ಹೇಳಿದರೆ ನಂಬಬೇಡ.

ಈ ಸಲ ಸಿಸೋಯ್ ಕೈಗೆ ಪ್ಲಮ್ ಹಣ್ಣು ಕೊಟ್ಟಿಲ್ಲ. ಚೀಲ ತುಂಬಿ ಇಟ್ಟಿದ್ದೇನೆ. ನೀನೇ ಬಂದು ತಿನ್ನು.

ನಿನ್ನ ಅಮ್ಮ